ಫಿನ್‌ಲೆಂಡಿನಲ್ಲಿ ರಂಗಪ್ಪಣ್ಣ ಕುಡಿದ ನೀರು

ನಮ್ಮೂರಿನಿಂದ ಫಿನ್‌ಲೆಂಡಿಗೆ ಹೋಗಿಬಂದವರು ಇಬ್ಬರೇ. ಒಬ್ಬರು ಪಂಚಾಯಿತಿ ಅಧ್ಯಕ್ಷರಾದ ರಂಗಪ್ಪಣ್ಣ, ಇನ್ನೊಬ್ಬಳು ನಾನು. ಇಬ್ಬರೂ ಹೋಗಿದ್ದು ನಮ್ಮ ಕೆರೆಯ ಕೊಳಕು ನೀರಿನ ದೆಸೆಯಿಂದ.

ನಮ್ಮೂರು ಗಂಡಸಿಯ ಆಚೆ. ನಾನು ಗಂಡಸಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಊರಿನ ಮೇಲುಗಡೆ ಒಂದು ಅದಿರಿನ ಗಣಿ ಇದೆ. ಮಳೆ ಬಿದ್ದರೆ ಗಣಿಯ ಗುಂಡಿಯ ನೀರು ಹಳ್ಳ ಹಿಡಿದು ಕೆರೆಗೆ ಬರುತ್ತದೆ, ಕೆರೆ ಕಡಲೆಹಿಟ್ಟು ಕಲಸಿಟ್ಟ ಬಣ್ಣಕ್ಕೆ ತಿರುಗುತ್ತದೆ. ಎಮ್ಮೆಗಳು ಮೂಸಿ ನೋಡಿ ಮುಖ ತಿರುಗಿಸುತ್ತವೆ. ಮನುಷ್ಯರಿಗೆ ಆ ಅನುಕೂಲವಿಲ್ಲ. ನಮ್ಮ ಬೀದಿಯೊಂದು ಬಿಟ್ಟರೆ ಊರಿಗೆಲ್ಲ ಕೆರೆಯ ಕೆಳಗಿನ ಬಾವಿಯದೇ ಕುಡಿಯುವ ನೀರು.

ಇಂಥ ಗಣಿಯನ್ನು ಕೆರೆಗೆ ನೀರು ಬರುವ ಕಾಲುವೆಯವರೆಗೂ ಅಗಲ ಮಾಡಬೇಕೆಂದು ಕಂಪನಿ ಹೊರಟಿತು. ಅದಕ್ಕೆ ಮೊದಲು ಸರ್ಕಾರದ ಸಾಹೇಬರು ಬಂದು, ಶಾಮಿಯಾನ ಹಾಕಿಸಿ, ಊರಿನವರ ಮಾತು ಕೇಳಬೇಕು. ಅದು ಕಾನೂನು. ಕಂಪನಿಯ ಅಧಿಕಾರಿ ಮಧುಕರ್ ಎಂಬುವರು ಇದಕ್ಕೊಂದು ಉಪಾಯ ಹೂಡಿದರು. ಫಿನ್‌ಲೆಂಡಿನಲ್ಲಿ ಇದೇ ತರಹದ ಗಣಿಯಿದೆ, ಅದರ ಕೆಳಗೂ ಕೆರೆಯಿದೆ, ಕೆರೆಯಲ್ಲಿ ಮೀನಿದೆ. ಇಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿಬಿಟ್ಟರೆ, ಅವರೇ ವಾಪಸು ಬಂದು ಸಾಹೇಬರ ಮುಂದೆ 'ನಾವು ಕಣ್ಣಾರೆ ಕಂಡೆವು' ಎನ್ನುತ್ತಾರೆ. ರಂಗಪ್ಪಣ್ಣ ಹೂಂ ಅಂದರೆ ಊರೆಲ್ಲ ಹೂಂ ಅನ್ನುತ್ತದೆ, ಆದ್ದರಿಂದ ಅವರು ಬೇಕು. ನಾನು ಯಾಕೆ ಬೇಕೆಂದರೆ, ಒಂದು, ನನಗೆ ಇಂಗ್ಲಿಷ್ ಬರುತ್ತದೆ. ಇನ್ನೊಂದು, ಹಿಂದಿನ ಗ್ರಾಮಸಭೆಯಲ್ಲಿ ಮಧುಕರ್ ಅವರ ಮೇಲೆ ನಾನು ಮೈಕು ಕೆಟ್ಟುಹೋಗುವಂತೆ ಕೂಗಾಡಿದ್ದೆ. ಬಾಯಿ ಮುಚ್ಚಿಸುವುದಕ್ಕೆ ವಿಮಾನ ಹತ್ತಿಸುವುದನ್ನು ಇದೇ ಮೊದಲು ನೋಡಿದ್ದು ಎಂದು ನಮ್ಮ ಹೆಡ್‌ಮಾಸ್ಟರು ನಕ್ಕರು.

ಹೋಗಬಾರದಿತ್ತು ಎನ್ನುವವರು ಈಗಲೂ ಇದ್ದಾರೆ. ಅಲ್ಲಾ ಸ್ವಾಮಿ, ನೀರು ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಹೇಳುತ್ತಿದ್ದೆ, ಕೆಟ್ಟದಾಗಿದ್ದರೆ ಕೆಟ್ಟದು ಅಂತ. ನೋಡದೆ ಕೂಗಾಡುವುದಕ್ಕಿಂತ ನೋಡಿ ಕೂಗಾಡುವುದು ಮೇಲಲ್ಲವೇ?

ಅರಸೀಕೆರೆ ಸ್ಟೇಷನ್

ಹೊರಡುವ ದಿನ ರಂಗಪ್ಪಣ್ಣ ನನ್ನನ್ನು ಕರೆಯಲು ನಮ್ಮ ಮನೆಗೆ ಬಂದರು. ನಮ್ಮ ಬೀದಿ ಊರಿನ ಮೇಲಿನ ತುದಿಯಲ್ಲಿ, ಕಲ್ಲು ಗುಡ್ಡದ ಮಗ್ಗುಲಲ್ಲಿದೆ. ಕೆರೆಗೆ ನಮ್ಮ ಕೈ ಸೋಕದಿರಲಿ ಎಂದು ಊರಿನ ಹಿಂದಿನವರು ನಮ್ಮವರನ್ನು ಅಲ್ಲಿಗೆ ಅಟ್ಟಿದ್ದರು. ಈಗ ನಾವು ಬೌದ್ಧರು, ಮನೆಗೊಬ್ಬರು ಸಂಬಳ ತರುವವರಿದ್ದಾರೆ, ಬೀದಿಗೆ ನಮ್ಮದೇ ಬೋರ್‌ವೆಲ್ ಇದೆ. ನನ್ನ ಅವ್ವ ಒಂದು ಲೋಟ ನೀರು, ಒಂದು ಅಚ್ಚು ಬೆಲ್ಲ ತಂದು ಜಗಲಿಯ ಮೇಲೆ ಇಟ್ಟಳು.

"ಈಗ್ ತಾನೇ ಕುಡ್ಕಂಡ್ ಬಂದೆ ಕಣಮ್ಮ" ಎಂದರು ರಂಗಪ್ಪಣ್ಣ.

ನಾನು ಹುಟ್ಟಿದಾಗಿನಿಂದ ಅವರು ನಮ್ಮ ಜಗಲಿಗೆ ಬಂದಾಗಲೆಲ್ಲ ಈಗ ತಾನೇ ಕುಡಿದುಕೊಂಡು ಬಂದಿರುತ್ತಾರೆ. ಕೆಟ್ಟ ಮನುಷ್ಯರಲ್ಲ. ನನಗೆ ಕೆಲಸ ಸಿಕ್ಕಾಗ ಊರಿಗೆಲ್ಲ ಹೇಳಿಕೊಂಡು ಬಂದವರು ಅವರೇ. ಆದರೆ ನೀರಿನ ವಿಷಯಕ್ಕೆ ಬಂದರೆ ಯಾವಾಗಲೂ ಹೊಟ್ಟೆ ತುಂಬಿರುತ್ತದೆ.

ಸ್ಟೇಷನ್ನಿನಲ್ಲಿ ಮಧುಕರ್ ಕಾಯುತ್ತಿದ್ದರು. ಕಂಕುಳಲ್ಲಿ ಬಾಟಲಿ ನೀರು. ನಮ್ಮೂರಿಗೆ ಬಂದಾಗಲೂ ಅವರು ಆ ಬಾಟಲಿ ಬಿಟ್ಟು ಬೇರೆ ನೀರು ಮುಟ್ಟುತ್ತಿರಲಿಲ್ಲ. ರೈಲು ಬರುವವರೆಗೂ ನಾನು ಇಬ್ಬರನ್ನೂ ನೋಡಿದೆ. ಒಬ್ಬರು ನಮ್ಮೂರ ನೀರು ಕುಡಿಯುವುದಿಲ್ಲ, ಇನ್ನೊಬ್ಬರು ನಮ್ಮ ಬೀದಿಯ ನೀರು ಕುಡಿಯುವುದಿಲ್ಲ. ಇವರಿಬ್ಬರನ್ನು ಕಟ್ಟಿಕೊಂಡು ನಾನು ನೀರು ನೋಡಲು ಸಮುದ್ರ ದಾಟಬೇಕು! ನಗು ಬಂತು, ಸಿಟ್ಟೂ ಬಂತು.

ರಂಗಪ್ಪಣ್ಣನ ಹೆಂಡತಿ ಮಾದಿಹಳ್ಳಿಯವರು. ಗಂಡ ಉಪವಾಸ ಬೀಳುತ್ತಾರೆಂದು ಹುರಿಹಿಟ್ಟು, ಕೊಬ್ಬರಿ ಉಂಡೆ, ನಿಂಬೆಕಾಯಿ ಉಪ್ಪಿನಕಾಯಿ ಎಲ್ಲ ತುಂಬಿಕೊಟ್ಟಿದ್ದರು. ಬಟ್ಟೆಗೆ ಜಾಗವಿಲ್ಲದೆ ಪಂಚೆಯನ್ನು ಉಪ್ಪಿನಕಾಯಿ ಜಾಡಿಗೇ ಸುತ್ತಿದ್ದರು. ಆ ಪಂಚೆ ಪ್ರವಾಸ ಮುಗಿಯುವವರೆಗೂ ಘಮಘಮಿಸಿತು.

ಹೆಲ್ಸಿಂಕಿ

ಫಿನ್‌ಲೆಂಡಿನವರು ಮಾತಾಡುವುದಿಲ್ಲ. ಕೋಪವಲ್ಲ, ಜಂಬವಲ್ಲ, ಸುಮ್ಮನೆ ಮಾತಾಡುವುದಿಲ್ಲ. ಬಸ್ ಸ್ಟಾಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿಟ್ಟು ನಿಂತಿರುತ್ತಾರೆ. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ನಿಂತರೆ ಕೊನೆಯವರು ತಿಪಟೂರಿನಲ್ಲಿ ನಿಲ್ಲಬೇಕಾಗುತ್ತದೆ.

ರಂಗಪ್ಪಣ್ಣನಿಗೆ ಇದು ತಡೆಯಲಾಗಲಿಲ್ಲ. ಟ್ರಾಮ್ ಹತ್ತಿದವರೇ ಒಂದು ಕಡೆಯಿಂದ ಎಲ್ಲರಿಗೂ ಕೈಮುಗಿದು "ನಮಸ್ಕಾರ, ನಮ್ದು ಅರಸೀಕೆರೆ ತಾಲ್ಲೂಕು" ಅನ್ನುತ್ತಾ ಹೋದರು. ಜನ ಕಿಟಕಿಯ ಕಡೆ ತಿರುಗಿದರು.

"ಟೀಚರಮ್ಮ, ಇವ್ರ ಮನೇಲಿ ಏನಾರ ಸಾವು ಗೀವು ಆಗೈತಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಇಲ್ಲ ಕಣಣ್ಣ, ಇವರು ಇರೋದೇ ಹಿಂಗಂತೆ."

"ಊರ್ ಪೂರಾ?"

"ದೇಶ ಪೂರಾ."

"ಹಂಗಾದ್ರೆ ಇವ್ರು ಜಗಳ ಹೆಂಗ್ ಆಡ್ತಾರೆ?" ಎಂದು ಅವರು ತುಂಬಾ ಹೊತ್ತು ಯೋಚನೆ ಮಾಡಿದರು.

ಹಳೇಬೀಡಿನಲ್ಲಿ ಬಸ್ಸಿನಿಂದ ಇಳಿಯುವ ವಿದೇಶಿಯರನ್ನು ನಾವು ಬಾಯಿ ಬಿಟ್ಟುಕೊಂಡು ನೋಡುತ್ತೇವೆ, ಯಾವ ದೇಶ, ಮದುವೆ ಆಗಿದೆಯಾ, ಮಕ್ಕಳೆಷ್ಟು ಎಂದು ವಿಚಾರಿಸುತ್ತೇವೆ. ಅವರು ಕಲ್ಲಿನ ಕೆತ್ತನೆ ನೋಡಲು ಬಂದಿರುತ್ತಾರೆ, ನಾವು ಅವರನ್ನು ನೋಡಲು ಹೋಗಿರುತ್ತೇವೆ. ಇಲ್ಲಿ ಉಪ್ಪಿನಕಾಯಿ ವಾಸನೆಯ ಪಂಚೆ ಉಟ್ಟ ಮನುಷ್ಯ ಮುಖ್ಯರಸ್ತೆಯಲ್ಲಿ ನಡೆದು ಹೋದರೂ ಒಬ್ಬರೂ ತಿರುಗಿ ನೋಡಲಿಲ್ಲ. ರಂಗಪ್ಪಣ್ಣನಿಗೆ ಇದರಿಂದ ನಿಜವಾಗಿ ಬೇಜಾರಾಯಿತು.

ಗಣಿಯ ಊರು

ಗಣಿ ಇದ್ದದ್ದು ದೂರದ ಉತ್ತರದಲ್ಲಿ. ಬೇಸಗೆಯಾದ್ದರಿಂದ ಅಲ್ಲಿ ಸೂರ್ಯ ಮುಳುಗುತ್ತಲೇ ಇರಲಿಲ್ಲ. ದೀಪ ಹಚ್ಚುವ ಹೊತ್ತು ಯಾವುದು, ಊಟದ ಹೊತ್ತು ಯಾವುದು ಎಂದು ಗೊತ್ತಾಗದೆ ರಂಗಪ್ಪಣ್ಣ ಹೊಟ್ಟೆ ಹಸಿದಾಗಲೆಲ್ಲ ರಾತ್ರಿಯಾಯಿತು ಎಂದು ತೀರ್ಮಾನಿಸುತ್ತಿದ್ದರು.

ಗಣಿಯಲ್ಲಿ ನೀರಿನ ಉಸ್ತುವಾರಿ ನೋಡಿಕೊಳ್ಳುವ ಲೀಸಾ ಎಂಬಾಕೆ ನಮ್ಮನ್ನು ಎದುರುಗೊಂಡರು. ಎತ್ತರದ ಹೆಂಗಸು, ರಬ್ಬರ್ ಬೂಟು, ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾವು ಕೇಳಿದ್ದೇ ಮರೆತುಹೋಗುವಂಥ ನಿಧಾನ. ಬಂದವರಿಗೆ ಅಲ್ಲಿ ಮೊದಲ ಮರ್ಯಾದೆ ಸೌನಾ. ಅಂದರೆ ಮರದ ಕೋಣೆಯಲ್ಲಿ ಕಲ್ಲು ಕಾಯಿಸಿ, ಅದರ ಮೇಲೆ ನೀರು ಎರಚಿ, ಆ ಹಬೆಯಲ್ಲಿ ಬೆತ್ತಲೆ ಕೂರುವುದು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಸದ್ಯ. ಗಂಡಸರ ಕಡೆಯ ಸಮಾಚಾರ ನನಗೆ ತಿಳಿದದ್ದು ಗೋಡೆಯಾಚೆಯ ಕೂಗಿನಿಂದ.

"ಏಯ್, ಬಿಡ್ರೀ! ಚಡ್ಡಿ ಬಿಚ್ಚಲ್ಲ ಅಂದ್ರೆ ಬಿಚ್ಚಲ್ಲ! ನಾನು ಪಂಚಾಯ್ತಿ ಅಧ್ಯಕ್ಷ ಕಣ್ರೀ!"

ಆಮೇಲೆ ಬಾಗಿಲು ಧಡಾರ್ ಎಂದಿತು. ಹೊರಗೆ ಬಂದು ನೋಡಿದರೆ ರಂಗಪ್ಪಣ್ಣ ಪಟ್ಟೆಪಟ್ಟೆ ಚಡ್ಡಿಯಲ್ಲಿ ಕೆರೆಯ ಕಡೆ ಓಡುತ್ತಿದ್ದಾರೆ. ಧುಮುಕಿಯೇಬಿಟ್ಟರು. ಚಳಿಗೆ ಕಿರುಚುತ್ತಾರೆ ಅಂದುಕೊಂಡರೆ ಕಿರುಚಲಿಲ್ಲ. ಆ ದಡದವರೆಗೆ ಈಜಿ, ಮಲಗಿ, ಮಗುಚಿ, ಬಾಯಲ್ಲಿ ನೀರು ತುಂಬಿ ಕಾರಂಜಿ ಬಿಟ್ಟು, ಗಂಟಲವರೆಗೆ ನೀರಿನಲ್ಲಿ ನಿಂತುಕೊಂಡರು. ತಳದ ಕಲ್ಲುಗಳು, ಅವರ ಕಾಲ ಬೆರಳುಗಳು ಎಲ್ಲ ಕಾಣುತ್ತಿದ್ದವು.

"ಟೀಚರಮ್ಮ, ನಾನು ಈಜು ಕಲ್ತಿದ್ದು ನಮ್ ಕೆರೇಲಿ. ನನ್ ಮೊಮ್ಮಗನ್ನ ಅದ್ರೊಳಕ್ಕೆ ಇಳ್ಸಕ್ಕೆ ಹೆದ್ರಿಕೆ ಆಯ್ತದೆ" ಎಂದರು.

ಮಧುಕರ್ ಮಾತ್ರ ಕುಣಿಯುವುದೊಂದು ಬಾಕಿ. "ನೋಡಿದ್ರಾ ಮೇಡಂ? ಗಣಿ ಕೆಳಗಿನ ಕೆರೆ! ನಿಮ್ಮೂರಲ್ಲೂ ನೀರು ಶುದ್ಧ ಮಾಡೋ ಇದೇ ಮೆಷಿನ್ ಹಾಕ್ತೀವಿ."

"ಹಾಕಿ, ಯಾರು ಬೇಡ ಅಂದರು?" ಅಂದೆ. ಮನಸ್ಸು ಮಾತ್ರ ಅರ್ಧ ಅವರ ಕಡೆ ವಾಲಿತ್ತು. ಸುಳ್ಳು ಯಾಕೆ ಹೇಳಲಿ?

ನೀರು ಹೊರಬೀಳುವ ಜಾಗ

ಮರುದಿನ ಬೆಳಿಗ್ಗೆ ಲೀಸಾ ನಮ್ಮನ್ನು ಗಣಿಯ ನೀರು ಶುದ್ಧವಾಗಿ ಹಳ್ಳಕ್ಕೆ ಬೀಳುವ ಕೊಳವೆಯ ಬಳಿಗೆ ಕರೆದೊಯ್ದರು. ಆ ಹಳ್ಳವೇ ಮುಂದೆ ರಂಗಪ್ಪಣ್ಣ ಈಜಿದ ಕೆರೆಗೆ ಸೇರುವುದು. ದಿನವೂ ಅಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸಬೇಕು, ಅದರ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಲೀಸಾ ಬಗ್ಗಿ ಗಾಜಿನ ಲೋಟದಂಥ ಒಂದು ಪಾತ್ರೆಯಲ್ಲಿ ನೀರು ಹಿಡಿದರು. ಬೆಳಕಿಗೆ ಹಿಡಿದು ನೋಡಿದರು. ಹುಬ್ಬು ಗಂಟಾಯಿತು. ನೀವೂ ನೋಡಿ ಎನ್ನುವಂತೆ ಪಾತ್ರೆಯನ್ನು ನಮ್ಮ ಮುಂದೆ ಚಾಚಿದರು.

ಎದುರಿಗಿದ್ದವರು ರಂಗಪ್ಪಣ್ಣ. ಮನೆಯ ಯಜಮಾನಿ ನೀರು ಚಾಚಿದರೆ ಬಂದ ನೆಂಟ ಏನು ಮಾಡುತ್ತಾನೆ? ಎರಡೂ ಕೈಯಲ್ಲಿ ವಿನಯವಾಗಿ ತೆಗೆದುಕೊಂಡರು. ತಲೆ ಹಿಂದಕ್ಕೆ ಹಾಕಿದರು. ತುಟಿಗೆ ತಾಕಿಸದೆ ಮೇಲಿನಿಂದ ಗಟಗಟ ಸುರಿದುಕೊಂಡು ಒಂದು ತೊಟ್ಟೂ ಬಿಡದೆ ಕುಡಿದುಬಿಟ್ಟರು. ಬಾಯಿ ಒರೆಸಿಕೊಂಡು, "ಒಸಿ ಒಗರು. ಆದ್ರೂ ತಂಪಾಗೈತೆ ತಾಯಿ" ಎಂದು ಪಾತ್ರೆ ವಾಪಸು ಕೊಟ್ಟರು.

ಲೀಸಾ ಕಿರುಚಿದರು. ಇಡೀ ಫಿನ್‌ಲೆಂಡಿನಲ್ಲಿ ನಾನು ಕೇಳಿದ ಏರುದನಿ ಅದೊಂದೇ.

ಆಗಿದ್ದು ಇಷ್ಟು. ಯಾವುದೋ ಪಂಪು ಕೆಟ್ಟು, ಸರಿಯಾಗಿ ತಿಳಿಯಾಗದ ನೀರು ಕೊಳವೆಯಿಂದ ಹೊರಗೆ ಬರುತ್ತಿತ್ತು. ಅದನ್ನೇ ಆಕೆ ತೋರಿಸಲು ಹೋಗಿದ್ದು. ಅಷ್ಟರಲ್ಲಿ ಸರ್ಕಾರಕ್ಕೆ ಕಳಿಸಬೇಕಾದ ನೀರು ರಂಗಪ್ಪಣ್ಣನ ಹೊಟ್ಟೆಗೆ ಹೋಗಿತ್ತು. ಲೀಸಾ ಇನ್ನೊಂದು ಪಾತ್ರೆ ನೀರು ಹಿಡಿದು, ಅದನ್ನು ಎದೆಗೆ ಅವುಚಿಕೊಂಡು ಫೋನು ತೆಗೆದರು. ಮೊದಲು ಕೊಳವೆ ಮುಚ್ಚಿಸಿದರು, ಆಮೇಲೆ ಡಾಕ್ಟರಿಗೆ ಹೇಳಿದರು. ಮೂರನೆಯ ಫೋನು ಸರ್ಕಾರದ ಕಚೇರಿಗೆ.

ಮಧುಕರ್ ಮುಖ ಬಿಳುಚಿಕೊಂಡಿತು. ಇಂಗ್ಲಿಷಿನಲ್ಲಿ ಆಕೆಗೆ ಹೇಳಿದರು: "ಸರ್ಕಾರಕ್ಕೆ ಯಾಕೆ? ಕೊಳವೆ ಮುಚ್ಚಿ ಆಯಿತಲ್ಲ. ನೋಡಿದವರು ನಾವಷ್ಟೇ."

ಲೀಸಾ ಫೋನಿಗೆ ಕೈ ಅಡ್ಡ ಹಿಡಿದು, "ನಾನೂ ನೋಡಿದೆನಲ್ಲ" ಎಂದರು. ಆಮೇಲೆ ಫೋನಿನಲ್ಲಿ ಎಲ್ಲವನ್ನೂ ಹೇಳಿದರು.

ನಾನು ರಂಗಪ್ಪಣ್ಣನಿಗೆ ಬಿಡಿಸಿ ಹೇಳಿದೆ. ಅವರಿಗೆ ಡಾಕ್ಟರ ಚಿಂತೆಯೇ ಇರಲಿಲ್ಲ. "ತನ್ ಕಂಪ್ನಿ ಮೇಲೆ ತಾನೇ ದೂರು ಕೊಡ್ತೈತಾ ಆಯಮ್ಮ? ಯಾರೂ ಕೇಳ್ದೇನೇ?" ಎಂದು ಕೇಳಿದ್ದನ್ನೇ ಕೇಳಿದರು.

ವಾಪಸು ಬರುವಾಗ ಕೆರೆಯ ದಡದಲ್ಲಿ ಗಣಿಯವರು ಆಗಲೇ ಬೋರ್ಡು ನೆಟ್ಟಿದ್ದರು, ಈ ನೀರು ಬಳಸಬೇಡಿ ಎಂದು. ಮೀನು ಹಿಡಿಯಲು ಬಂದಿದ್ದ ಮುದುಕರೊಬ್ಬರು ಅದನ್ನು ಓದಿದರು, ದೋಣಿ ಮಗುಚಿಟ್ಟು ಮನೆಗೆ ಹೊರಟರು. ಮಾತಿಲ್ಲ ಕತೆಯಿಲ್ಲ. ರಂಗಪ್ಪಣ್ಣನಿಗೆ ಅದೂ ಆಶ್ಚರ್ಯ. "ಬೈಯ್ಲೂ ಇಲ್ವಲ್ರೀ! ನಮ್ಮೂರಾಗಿದ್ರೆ ಆ ಬೋರ್ಡು ಅಲ್ಲಿ ನಿಂತಿರ್ತಿತ್ತಾ?"

"ನಮ್ಮೂರಲ್ಲಿ ಅದನ್ನ ನೆಡೋರಾದರೂ ಯಾರು ಅಣ್ಣ?" ಎಂದೆ. ಮಧುಕರ್ ಕಾರಿನ ಕಿಟಕಿಯ ಕಡೆ ತಿರುಗಿಕೊಂಡರು. ಫಿನ್‌ಲೆಂಡಿನ ಗಾಳಿ ಅವರಿಗೂ ತಾಗಿತ್ತು.

ಆಸ್ಪತ್ರೆ

ರಂಗಪ್ಪಣ್ಣನನ್ನು ಒಂದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಏನೂ ಆಗಿರಲಿಲ್ಲ. ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ನರ್ಸಿಗೆ ಹುರಿಹಿಟ್ಟು ಕಲಸುವುದನ್ನು ಕೈಸನ್ನೆಯಲ್ಲಿ ಕಲಿಸುತ್ತಿದ್ದರು. ನರ್ಸು ತಿಂದು, ಏನೂ ಹೇಳದೆ, ಇನ್ನೊಂದು ಉಂಡೆಗೆ ಕೈ ಚಾಚಿದರು. ಆ ದೇಶದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಾರದು.

ಸಂಜೆ ಲೀಸಾ ನೋಡಲು ಬಂದರು. ಮಾದರಿ ನೀರನ್ನು ಅತಿಥಿಯೊಬ್ಬರು ಕುಡಿದರು ಎಂದೇ ಸರ್ಕಾರಕ್ಕೆ ತಿಳಿಸಿದ್ದಾಗಿ ಹೇಳಿದರು. ಆ ಕಚೇರಿಯವರು ಮತ್ತೆ ಫೋನು ಮಾಡಿ, ಅತಿಥಿ ಯಾಕೆ ಕುಡಿದರು ಎಂದು ಕೇಳಿದ್ದಾರಂತೆ. ಅದನ್ನು ಕೇಳಿಕೊಂಡು ಹೋಗಲೆಂದೇ ಆಕೆ ಬಂದಿದ್ದರು.

ನಾನು ವಿವರಿಸಿದೆ: ನಮ್ಮ ಕಡೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ. ಕೊಟ್ಟ ನೀರನ್ನು ಬೇಡ ಅಂದರೆ ಮನೆಯವರಿಗೆ ಅವಮಾನ. ಅದಕ್ಕೇ ಅಣ್ಣ ಕುಡಿದದ್ದು.

ಲೀಸಾ ತಲೆಯಾಡಿಸಿದರು. ಆಮೇಲೆ ಮಗುವಿನಂತೆ ಕೇಳಿದರು: "ಒಳ್ಳೆಯ ಪದ್ಧತಿ. ಹಾಗಾದರೆ ನಿಮ್ಮೂರಲ್ಲಿ ಎಲ್ಲರೂ ಎಲ್ಲರ ಮನೆಯಲ್ಲೂ ನೀರು ಕುಡಿಯುತ್ತೀರಿ?"

ಅನುವಾದ ಮಾಡುವುದು ನನ್ನ ಕೆಲಸ. ಮಾಡಿದೆ. "ರಂಗಪ್ಪಣ್ಣ, ನಿಮ್ಮೂರಲ್ಲಿ ಎಲ್ಲರೂ ಎಲ್ಲರ ಮನೇಲೂ ನೀರು ಕುಡೀತೀರಾ ಅಂತ ಕೇಳ್ತಿದ್ದಾರೆ. ಏನಂತ ಹೇಳ್ಲಿ?"

ರಂಗಪ್ಪಣ್ಣ ನನ್ನ ಮುಖ ನೋಡಿದರು. ಲೀಸಾ ಮುಖ ನೋಡಿದರು. ಮುಳುಗದ ಸೂರ್ಯನನ್ನು ನೋಡಿದರು. ಸುಮ್ಮನಿರುವುದರಲ್ಲಿ ಆವತ್ತು ಅವರು ಫಿನ್‌ಲೆಂಡಿನವರನ್ನೂ ಮೀರಿಸಿದರು.

ಕೊನೆಗೆ, "ಹವಾ ಚೆನ್ನಾಗೈತೆ ಅನ್ನಿ" ಎಂದರು.

ನಾನು ಹಾಗೆಯೇ ಅನುವಾದಿಸಿದೆ. ಲೀಸಾ ಕಿಟಕಿಯಾಚೆ ನೋಡಿ, ಹೌದು, ಚೆನ್ನಾಗಿದೆ ಎಂದರು.

ಗಂಡಸಿ

ವಾಪಸು ಬಂದ ಸ್ವಲ್ಪ ದಿನಕ್ಕೆ ಗಂಡಸಿಯಲ್ಲಿ ಸಭೆ ನಡೆಯಿತು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಸಾಹೇಬರು, ಪೊಲೀಸರು, ಊರಿಗೆ ಊರೇ ಬಂದಿತ್ತು. ಮಧುಕರ್ ಎದ್ದರು. ಪಂಪಿನ ಸುದ್ದಿ, ಆಸ್ಪತ್ರೆಯ ಸುದ್ದಿ ಎತ್ತಲೇ ಇಲ್ಲ. "ನಿಮ್ಮ ಅಧ್ಯಕ್ಷರು ವಿದೇಶದ ಗಣಿಯ ನೀರನ್ನು ಸ್ವತಃ ಕುಡಿದು ಬಂದಿದ್ದಾರೆ. ಗುಂಡುಕಲ್ಲಿನ ಹಾಗೆ ಇಲ್ಲೇ ಕೂತಿದ್ದಾರೆ. ಇನ್ನೇನು ಸಾಕ್ಷಿ ಬೇಕು?" ಎಂದರು. ಚಪ್ಪಾಳೆಯೂ ಬಿತ್ತು.

ರಂಗಪ್ಪಣ್ಣ ಏನು ಹೇಳುತ್ತಾರೋ ನನಗೂ ತಿಳಿದಿರಲಿಲ್ಲ. ಅವರೀಗ ಹೂಂ ಅಂದರೆ ಕೆರೆ ಹೋಯಿತು. ಅವರು ಎದ್ದು, ಪಂಚೆ ಎತ್ತಿ ಕಟ್ಟಿ, ಮೈಕು ಹಿಡಿದರು.

"ಕುಡ್ದಿದ್ದು ದಿಟ. ಮುಂದ್ಕೆ ಏನಾಯ್ತು ಅನ್ನೋದ್ನ ಸಾಹೇಬ್ರು ಏಳ್ನಿಲ್ಲ, ನಾನೇ ಏಳ್ತೀನಿ. ಆವತ್ತು ನೀರು ಕೆಟ್ಟಿತ್ತು. ನನಗೆ ಗೊತ್ತಿರ್ಲಿಲ್ಲ, ಕುಡ್ದೆ. ಒಂದು ಲೋಟ ಕುಡ್ದಿದ್ದಕ್ಕೆ ಡಾಕ್ಟ್ರು ಬಂದ್ರು. ನಾವಿಲ್ಲಿ ದಿನಾ ಕುಡೀತೀವಿ, ಯಾವ ಡಾಕ್ಟ್ರು ಬಂದವ್ರೆ? ಅಲ್ಲೂ ಪಂಪು ಕೆಡ್ತದೆ ಕಣ್ರಪ್ಪ, ಇಲ್ಲೂ ಕೆಡ್ತದೆ. ಆದ್ರೆ ಅಲ್ಲಿ ಒಂದು ಹೆಣ್ಣುಮಗಳು, ಯಾರೂ ಕೇಳ್ದೇನೆ, ನಮ್ ತಪ್ಪಾಗೈತೆ ಅಂತ ತಾನೇ ಸರ್ಕಾರಕ್ಕೆ ಫೋನ್ ಮಾಡ್ತು. ಮಧುಕರ್ ಸಾಹೇಬ್ರೇ, ಅಲ್ಲಿಂದ ಮೆಷಿನ್ ತತ್ತೀನಿ ಅಂತೀರಲ್ಲ, ಆ ಫೋನ್ನೂ ತತ್ತೀರಾ? ನಿಮ್ ಗುಂಡಿ ತುಂಬಿ ಹರಿದ ದಿವ್ಸ ನೀವಾಗೇ ನನಗೆ ಫೋನ್ ಮಾಡಿ. ಆವತ್ತು ನಿಮ್ಮನ್ನ ನಂಬ್ತೀನಿ. ಅಲ್ಲೀಗಂಟ ಕಾಲುವೆ ಮುಟ್ಟಬ್ಯಾಡಿ."

ಚಪ್ಪಾಳೆ ಬೀಳಲಿಲ್ಲ. ಜನ ಅವರ ಬಾಯನ್ನೇ ನೋಡುತ್ತಿದ್ದರು. ಸಾಹೇಬರು ಪೆನ್ನು ಕೆಳಗಿಟ್ಟು, "ನೀವು ಯಾವತ್ತಾದರೂ ಮಾಡಿದ್ದೀರಾ?" ಎಂದು ಮಧುಕರ್ ಅವರನ್ನೇ ಕೇಳಿದರು. ಮಧುಕರ್ ಬಾಟಲಿಯ ಮುಚ್ಚಳ ತಿರುಗಿಸಿದರು. ಗಣಿ ಅಗಲ ಮಾಡುವ ಮಾತು ಅಲ್ಲಿಗೆ ನಿಂತಿತು. ಮೊದಲು ನೀರು ಶುದ್ಧ ಮಾಡುವ ಕೊಳ ಕಟ್ಟಿ, ಊರಿಗೆ ಮುನ್ಸೂಚನೆ ಕೊಡುವ ಏರ್ಪಾಡು ಮಾಡಿ, ಆಮೇಲೆ ಬನ್ನಿ ಎಂದು ಅಪ್ಪಣೆಯಾಯಿತು.

ನಮ್ಮ ಬೀದಿ

ಪ್ರವಾಸ ಕಥನ ಎಂದ ಮೇಲೆ ಮನೆಗೆ ಬಂದು ಮುಗಿಯಬೇಕು. ನಮ್ಮದು ಮುಗಿದದ್ದು ಮುಂದಿನ ಮಳೆಗಾಲದಲ್ಲಿ.

ಒಂದು ಬೆಳಿಗ್ಗೆ, ಜೋರು ಮಳೆ ನಿಂತ ಮೇಲೆ, ರಂಗಪ್ಪಣ್ಣನ ಮನೆಯ ಫೋನು ಹೊಡೆದುಕೊಂಡಿತು. ಮಧುಕರ್! ಹೊಸ ಕೊಳ ತುಂಬಿ ಹರಿಯುತ್ತಿದೆ, ಕೆರೆಗೆ ದನ ಬಿಡಬೇಡಿ, ಬಾವಿಯ ನೀರು ಸೇದಬೇಡಿ, ತಪ್ಪಾಗಿದೆ ಎಂದರಂತೆ. ರಂಗಪ್ಪಣ್ಣ ಬೈಯಲಿಲ್ಲವಂತೆ. "ಸಂತೋಸ. ಈಗ ಸರ್ಕಾರದೋರ್ಗೂ ಮಾಡಿ. ಮಾಡಿದ್ ಮ್ಯಾಕೆ ನನಗೆ ತಿರ್ಗಾ ಮಾಡಿ ಏಳಿ, ನಾನು ಇಲ್ಲೇ ಕೂತಿರ್ತೀನಿ" ಎಂದರಂತೆ. ಮಾಡಿದರು. ತಿರುಗಿ ಹೇಳಿದರು ಕೂಡ.

ಬಾವಿ ಬಂದ್ ಆದಮೇಲೆ ಊರಿಗೆ ಉಳಿದದ್ದು ಒಂದೇ ನೀರು. ಕೆರೆಯಿಂದ ದೂರವಿರಲಿ ಎಂದು ನಮ್ಮವರನ್ನು ಅಟ್ಟಿದ್ದ ಕಲ್ಲುಗುಡ್ಡದ ಮಗ್ಗುಲಿನ ನಮ್ಮ ಬೋರ್‌ವೆಲ್. ಮಧ್ಯಾಹ್ನದ ಹೊತ್ತಿಗೆ ಊರಿನ ಕೊಡಗಳೆಲ್ಲ ನಮ್ಮ ಬೀದಿಯಲ್ಲಿ ಸಾಲಾಗಿ ನಿಂತಿದ್ದವು. ಯಾರೂ ಏನೂ ಮಾತಾಡುತ್ತಿರಲಿಲ್ಲ. ಥೇಟ್ ಹೆಲ್ಸಿಂಕಿ ಬಸ್ ಸ್ಟಾಪು. ನನ್ನ ಅವ್ವ ಮಾತ್ರ ಸೊಂಟಕ್ಕೆ ಕೈಯಿಟ್ಟುಕೊಂಡು, "ಒಬ್ಬೊಬ್ರೇ ಬನ್ರವ್ವ, ನೀರೇನ್ ಓಡೋಗಲ್ಲ" ಎಂದು ಎಲ್ಲರನ್ನೂ ಗದರಿಸುತ್ತಾ ಮೆರೆಯುತ್ತಿದ್ದಳು.

ರಂಗಪ್ಪಣ್ಣನೂ ಬಂದರು, ಹೆಗಲ ಮೇಲೆ ಕೊಡ ಹೊತ್ತುಕೊಂಡು. ಏರು ಹತ್ತಿ ಬೆವರಿಳಿಯುತ್ತಿತ್ತು. ನಮ್ಮ ಜಗಲಿಯ ಮೇಲೆ ಕೂತರು. ಅವ್ವ ಎಂದಿನಂತೆ ಲೋಟ ನೀರು, ಅಚ್ಚು ಬೆಲ್ಲ ತಂದಿಟ್ಟಳು. ಈಗ ತಾನೇ ಕುಡಿದು ಬಂದೆ ಎನ್ನಲು ಆವತ್ತು ಅವರ ಮನೆಯಲ್ಲಿ ನೀರೇ ಇರಲಿಲ್ಲ.

ಬೆಲ್ಲ ಬಾಯಿಗೆ ಹಾಕಿಕೊಂಡರು. ಲೋಟ ತೆಗೆದುಕೊಂಡು, ಅಭ್ಯಾಸದಂತೆ ತಲೆ ಹಿಂದಕ್ಕೆ ಹಾಕಿ, ಮೇಲೆ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ನಾನು ಬಾಗಿಲಲ್ಲಿ ನಿಂತಿದ್ದೆ, ನನ್ನನ್ನು ನೋಡಿದರು. ಆಮೇಲೆ ಲೋಟ ಕೆಳಗಿಳಿಸಿ, ತುಟಿಗೆ ತಾಕಿಸಿ, ನಿಧಾನವಾಗಿ ಪೂರ್ತಿ ಕುಡಿದರು.

"ಹೆಂಗೈತಣ್ಣ ನೀರು?" ಎಂದು ಅವ್ವ ಕೇಳಿದಳು.

ರಂಗಪ್ಪಣ್ಣ ಬಾಯಿ ಒರೆಸಿಕೊಂಡರು. ಮೋಡ ಕವಿದು ಮತ್ತೆ ಹನಿ ಶುರುವಾಗಿತ್ತು.

"ಹವಾ ಚೆನ್ನಾಗೈತೆ" ಎಂದು ಖಾಲಿ ಲೋಟವನ್ನು ಇನ್ನೊಂದು ಸಲ ಮುಂದೆ ಚಾಚಿದರು.